ಬಾಗಿದ ತೆರೆ ಎರಡು, ಮೇಜು ಒಂದು

ಬೆಂಗಳೂರಿನ ಬಸವನಗುಡಿಯಲ್ಲಾಗಲಿ, ಮಲ್ಲೇಶ್ವರದಲ್ಲಾಗಲಿ ಇಂದು ಸಾಮಾನ್ಯವಾಗಿ ಕಾಣಸಿಗುವ ಒಂದು ಮನೆಯನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಲಿ. ನಡುಮನೆಯ ಕಿಟಕಿಯ ಬಳಿ ಎರಡಡಿ ಅಗಲದ ಒಂದು ಮೇಜು. ಅದರ ಮೇಲೆ ಒಂದು ಗಣಕಯಂತ್ರ. ಬೆಳಗಿನ ಹೊತ್ತು ನಿವೃತ್ತರಾದ ತಂದೆ ಅದರ ಮುಂದೆ ಕುಳಿತು ಉಳಿತಾಯದ ಲೆಕ್ಕ ನೋಡುತ್ತಾರೆ. ಮಧ್ಯಾಹ್ನ ವಾಸ್ತುಶಿಲ್ಪ ಓದುತ್ತಿರುವ ಮಗಳು ನಕ್ಷೆಗಳನ್ನು ಬರೆಯುತ್ತಾಳೆ. ರಾತ್ರಿ ಊಟವಾದ ಮೇಲೆ ಅದು ಇಂಜಿನಿಯರಿಂಗ್ ಕಾಲೇಜಿನ ಕಡೆಯ ವರ್ಷದಲ್ಲಿರುವ ಮಗನ ಪಾಲು. ಆಗ ಆ ಸಣ್ಣ ತೆರೆಯ ಮೇಲೆ ಕಾರುಗಳು ಓಡುತ್ತವೆ, ವಿಮಾನಗಳು ಹಾರುತ್ತವೆ, ದುರ್ಗಗಳು ಬೀಳುತ್ತವೆ.

ಹಳೆಯ ಮಾನಿಟರಿಗೆ ವಯಸ್ಸಾಗಿದೆ. ಅಂಚಿನಲ್ಲಿ ಹಳದಿ ಕಲೆ ಬಿದ್ದಿದೆ. ಮಗ ತರಬೇತಿಯ ಕಾಲದಲ್ಲಿ ದೊರೆತ ವೇತನವನ್ನು ತಿಂಗಳು ತಿಂಗಳು ಕೂಡಿಟ್ಟಿದ್ದಾನೆ. ಅರ್ಧ ಹಣವನ್ನು ತಂದೆ ಕೊಡುವುದಾಗಿ ಒಪ್ಪಿದ್ದಾರೆ. ಒಪ್ಪುವಾಗ ಅವರು ಹಾಕಿದ ಷರತ್ತು ಒಂದೇ: “ಬರುವ ವಸ್ತು ನಿನ್ನೊಬ್ಬನದಲ್ಲ, ಮನೆಯದು.” ಈ ಸಲ ತಪ್ಪಿದರೆ ಇನ್ನು ಐದಾರು ವರ್ಷ ಮತ್ತೊಂದನ್ನು ಕೊಳ್ಳುವ ಮಾತಿಲ್ಲ ಎಂಬುದು ಎಲ್ಲರಿಗೂ ಗೊತ್ತು.

ಮಗನ ಮನಸ್ಸು ಬಾಗಿದ ತೆರೆಯ ಮೇಲೆ ನೆಟ್ಟಿತ್ತು. ಬಹಳ ಹುಡುಕಿ ಅವನು ಕಡೆಗೆ ಎರಡು ಮಾನಿಟರುಗಳಲ್ಲಿಗೆ ಬಂದು ನಿಂತ. ಒಂದು 2020ರಲ್ಲಿ ಬಂದ ಸ್ಯಾಮ್‌ಸಂಗ್ ಒಡಿಸ್ಸಿ ಜಿ5, ಅಂದರೆ ಸಿ34ಜಿ55ಟಿ ಎಂಬ ಸಂಖ್ಯೆಯದು. ಇನ್ನೊಂದು 2021ರಲ್ಲಿ ಬಂದ ಡೆಲ್ ಎಸ್3422ಡಿಡಬ್ಲ್ಯುಜಿ. ಎರಡೂ 34 ಅಂಗುಲ. ಎರಡರಲ್ಲಿಯೂ ಅಡ್ಡಕ್ಕೆ 3440, ಉದ್ದಕ್ಕೆ 1440 ಚಿತ್ರಬಿಂದುಗಳು. ಎರಡರ ಫಲಕವೂ ವಿಎ ಎಂಬ ಒಂದೇ ಜಾತಿಯದು. ಬೆಲೆಯೂ ಹತ್ತಿರ ಹತ್ತಿರ. ಹೀಗಿರಲು ಆರಿಸುವುದು ಹೇಗೆ? ಅಕ್ಕಸಾಲಿಗನ ಅಂಗಡಿಯಲ್ಲಿ ಒಂದೇ ತೂಕದ ಎರಡು ಬಳೆಗಳ ಮುಂದೆ ಕುಳಿತವರ ಕಷ್ಟವೇ ಇದು. ವ್ಯತ್ಯಾಸ ದೊಡ್ಡದಾಗಿದ್ದಲ್ಲಿ ಆಯ್ಕೆ ಸುಲಭ. ಸಣ್ಣದಾಗಿದ್ದಾಗಲೇ ವಿವೇಕಕ್ಕೆ ಕೆಲಸ.

ತೆರೆ ಬಾಗಿದ ಬಗೆ

ತೆರೆಯನ್ನು ಬಗ್ಗಿಸುವ ಯೋಚನೆ ಹೊಸದೇನೂ ಅಲ್ಲ. 1952ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕ್ ನಗರದಲ್ಲಿ ಫ್ರೆಡ್ ವಾಲರ್ ಎಂಬಾತನ ಸಿನೆರಾಮಾ ಮೊದಲ ಬಾರಿಗೆ ಸಾರ್ವಜನಿಕರ ಮುಂದೆ ಬಂದಿತು. ಮೂರು ಪ್ರಕ್ಷೇಪಕ ಯಂತ್ರಗಳು ಒಂದೇ ಕಾಲದಲ್ಲಿ ಓಡಿ, 146 ಡಿಗ್ರಿಗಳಷ್ಟು ಬಳಸಿ ನಿಂತ ತೆರೆಯ ಮೇಲೆ ಒಂದೇ ದೃಶ್ಯವನ್ನು ಹೊಲಿದು ತೋರಿಸುತ್ತಿದ್ದುವು. ಕಣ್ಣು ನೇರವಾಗಿ ನೋಡುವುದರ ಜೊತೆಗೆ ಎಡಬಲಗಳ ಅಂಚಿನಲ್ಲಿಯೂ ಚಲನೆಯನ್ನು ಅರಿಯುತ್ತದೆ; ಆ ಅಂಚನ್ನೂ ಚಿತ್ರದಿಂದ ತುಂಬಿದರೆ ಪ್ರೇಕ್ಷಕನಿಗೆ ತಾನು ದೃಶ್ಯದೊಳಗೇ ಇರುವ ಭಾವನೆ ಬರುತ್ತದೆ ಎಂಬುದು ವಾಲರ್ ಕಂಡುಕೊಂಡ ತತ್ತ್ವ. ಬೆಂಗಳೂರಿಗರಿಗೆ ಈ ಹೆಸರು ಅಪರಿಚಿತವಲ್ಲ. 1968ರಲ್ಲಿ ಆರಂಭವಾದ ಕಪಾಲಿ ಚಿತ್ರಮಂದಿರದ ಸಿನೆರಾಮಾ ತೆರೆಯನ್ನು ನೆನೆಯುವ ಹಿರಿಯರು ಇಂದಿಗೂ ಇದ್ದಾರೆ. ಆ ಕಟ್ಟಡ ಮಾತ್ರ ಈಗ ಇಲ್ಲ.

ಅದೇ ತತ್ತ್ವ ಮೇಜಿನ ಮೇಲಕ್ಕೆ ಇಳಿದು ಬಂದುದು 2014ರ ಸುಮಾರಿಗೆ. ಆ ವರ್ಷ ಎಲ್‌ಜಿ ಸಂಸ್ಥೆ 34 ಅಂಗುಲದ ಅಗಲವಾದ ಬಾಗಿದ ಮಾನಿಟರನ್ನು ಪ್ರದರ್ಶಿಸಿತು. ಅದಕ್ಕೆ ಒಂದು ವರ್ಷ ಮೊದಲೇ ಬಾಗಿದ ದೂರದರ್ಶನ ಪೆಟ್ಟಿಗೆಗಳೂ ಬಂದಿದ್ದುವು. ಆದರೆ ದೂರದರ್ಶನದಲ್ಲಿ ಆ ಷೋಕಿ ಬಹುಕಾಲ ನಿಲ್ಲಲಿಲ್ಲ. ಮಾನಿಟರಿನಲ್ಲಿ ಮಾತ್ರ ಬೇರು ಬಿಟ್ಟಿತು. ಕಾರಣ ಸ್ಪಷ್ಟವಾಗಿಯೇ ಇದೆ. ದೂರದರ್ಶನವನ್ನು ಮನೆಮಂದಿಯೆಲ್ಲ ಎಂಟು ಹತ್ತಡಿ ದೂರದಲ್ಲಿ, ಒಬ್ಬರು ಸೋಫಾದ ಆ ಮೂಲೆಯಲ್ಲಿ, ಒಬ್ಬರು ಈ ಮೂಲೆಯಲ್ಲಿ ಕುಳಿತು ನೋಡುತ್ತಾರೆ. ಅಷ್ಟು ದೂರದಿಂದ ಬಾಗಿನ ಪ್ರಯೋಜನ ಸಿಗುವುದಿಲ್ಲ. ಪಕ್ಕದಲ್ಲಿ ಕುಳಿತವರಿಗಂತೂ ಅದು ಅಡ್ಡಿ. ಮಾನಿಟರಿನ ಮುಂದೆ ಕುಳಿತುಕೊಳ್ಳುವವನು ಒಬ್ಬ. ಅವನು ಕುಳಿತುಕೊಳ್ಳುವುದು ನಡುವೆ. ದೂರ ಒಂದು ತೋಳಿನಳತೆ. ಬಾಗಿದ ತೆರೆ ಹೇಳಿ ಮಾಡಿಸಿದುದು ಇಂಥ ನೋಟಕ್ಕೆ.

ದಾರ ಮತ್ತು ಸೀಮೆಸುಣ್ಣ

ಪೆಟ್ಟಿಗೆಯ ಮೇಲೆ 1000ಆರ್, 1500ಆರ್, 1800ಆರ್ ಎಂದು ಬರೆದಿರುವುದನ್ನು ಕಂಡು ಅನೇಕರು ಬೆದರುತ್ತಾರೆ; ದೊಡ್ಡ ಸಂಖ್ಯೆಯೇ ದೊಡ್ಡ ಬಾಗೆಂದು ಭಾವಿಸುವವರೂ ಉಂಟು. ನಿಜವು ಇದಕ್ಕೆ ತಿರುಗಾಮುರುಗ. ‘ಆರ್’ ಎಂಬುದು ವೃತ್ತದ ತ್ರಿಜ್ಯ, ಸಂಖ್ಯೆ ಮಿಲಿಮೀಟರಿನಲ್ಲಿದೆ. ಒಂದು ಮೀಟರ್ ತ್ರಿಜ್ಯದ ವೃತ್ತದಿಂದ ಕತ್ತರಿಸಿದ ತುಂಡು 1000ಆರ್. ಒಂದು ಮೀಟರ್ ಎಂಬತ್ತು ಸೆಂಟಿಮೀಟರ್ ತ್ರಿಜ್ಯದ ವೃತ್ತದಿಂದ ಕತ್ತರಿಸಿದುದು 1800ಆರ್. ವೃತ್ತ ಚಿಕ್ಕದಾದಷ್ಟೂ ಬಾಗು ಹೆಚ್ಚು. ಮೇಲೆ ಹೇಳಿದ ಸ್ಯಾಮ್‌ಸಂಗ್ ಮಾನಿಟರ್ 1000ಆರ್. ಡೆಲ್ ಮಾನಿಟರ್ 1800ಆರ್. ಎರಡಕ್ಕೂ ಇರುವ ಮುಖ್ಯ ಭೇದ ಇದೇ.

ಅಂಗಡಿಯಲ್ಲಿ ನಿಂತು ನೋಡಿದರೆ ಈ ಭೇದ ತಿಳಿಯುವುದು ಕಷ್ಟ. ನಿಂತವನ ಎತ್ತರ ಬೇರೆ, ದೂರ ಬೇರೆ, ಬೆಳಕು ಬೇರೆ. ಇದನ್ನು ಮನೆಯಲ್ಲಿಯೇ ಅಳೆಯುವ ಉಪಾಯ ಆ ಮನೆಯಲ್ಲಿ ಹೊಳೆದುದು ತಾಯಿಗೆ. ಹಬ್ಬದ ದಿನ ದೊಡ್ಡ ರಂಗೋಲಿಯ ಮಂಡಲವನ್ನು ದಾರ ಕಟ್ಟಿ ಎಳೆಯುವ ಕೈ ಅವರದು. ಅವರು ಒಂದು ಮೀಟರ್ ದಾರದ ಒಂದು ತುದಿಯನ್ನು ನೆಲದ ಮೇಲೆ ಬೆರಳಿನಿಂದ ಒತ್ತಿ ಹಿಡಿಸಿ, ಇನ್ನೊಂದು ತುದಿಗೆ ಸೀಮೆಸುಣ್ಣ ಕಟ್ಟಿ, ಎಂಬತ್ತು ಸೆಂಟಿಮೀಟರ್ ಉದ್ದದ ಒಂದು ಕಮಾನನ್ನು ಎಳೆದರು. ದಾರವನ್ನು ಒಂದು ಮೀಟರ್ ಎಂಬತ್ತಕ್ಕೆ ಉದ್ದ ಮಾಡಿ ಅಷ್ಟೇ ಉದ್ದದ ಮತ್ತೊಂದನ್ನು ಎಳೆದರು. 34 ಅಂಗುಲದ ಈ ಬಗೆಯ ತೆರೆಯ ಅಗಲ ಹೆಚ್ಚು ಕಡಮೆ ಎಂಬತ್ತು ಸೆಂಟಿಮೀಟರ್, ಎತ್ತರ ಮೂವತ್ತಮೂರು. ಹೀಗೆ ಎರಡು ಮಾನಿಟರುಗಳೂ ಕೊಳ್ಳುವ ಮೊದಲೇ ನಡುಮನೆಯ ನೆಲದ ಮೇಲೆ ಮೂಡಿದುವು.

ಎರಡು ಅಂಚುಗಳನ್ನು ಕೂಡಿಸಿ ನೇರ ಗೆರೆ ಎಳೆದು ಅಳೆದಾಗ, ಮೊದಲನೆಯ ಕಮಾನಿನ ಗುಳಿ ಸುಮಾರು ಎಂಟು ಸೆಂಟಿಮೀಟರ್, ಎರಡನೆಯದರದು ಸುಮಾರು ನಾಲ್ಕೂವರೆ. ಕೇಳುವುದಕ್ಕೆ ಇದೇನು ಮಹಾ ಎನಿಸಬಹುದು. ಆದರೆ ನೋಡುವ ಕಣ್ಣನ್ನು ಕಮಾನಿನ ನಡುವಿನಿಂದ ಅರುವತ್ತೈದು ಸೆಂಟಿಮೀಟರ್ ದೂರದಲ್ಲಿ ಇರಿಸಿ ಲೆಕ್ಕ ಹಾಕಿದರೆ ಅದರ ಅರ್ಥ ತಿಳಿಯುತ್ತದೆ. ಚಪ್ಪಟೆಯಾದ ತೆರೆಯಲ್ಲಿ ಅಂಚು ಕಣ್ಣಿಗೆ ಸುಮಾರು 76 ಸೆಂಟಿಮೀಟರ್ ದೂರ. ಅಂದರೆ ನಡುವಿಗಿಂತ ಹನ್ನೊಂದು ಸೆಂಟಿಮೀಟರ್ ಹೆಚ್ಚು. 1800ಆರ್ ತೆರೆಯಲ್ಲಿ ಅಂಚಿನ ದೂರ 72. 1000ಆರ್ ತೆರೆಯಲ್ಲಿ 69. ನಡುವಿನಿಂದ ಅಂಚಿಗೆ ನೋಟ ಹೊರಳಿದಾಗ ಕಣ್ಣು ತನ್ನ ಕೇಂದ್ರವನ್ನು ಬದಲಿಸಿಕೊಳ್ಳಬೇಕಾದ ಪ್ರಮಾಣ ಅಷ್ಟರ ಮಟ್ಟಿಗೆ ತಗ್ಗುತ್ತದೆ.

ಇದಕ್ಕಿಂತ ಮುಖ್ಯವಾದುದು ಕೋನ. ವಿಎ ಫಲಕದಲ್ಲಿ ದ್ರವಸ್ಫಟಿಕದ ಕಣಗಳು ವಿದ್ಯುತ್ತಿಲ್ಲದಾಗ ಸೆಟೆದು ನಿಂತು ಹಿಂಬದಿಯ ಬೆಳಕನ್ನು ಚೆನ್ನಾಗಿ ತಡೆಯುತ್ತವೆ. ಆದಕಾರಣ ಕಪ್ಪು ನಿಜವಾಗಿ ಕಪ್ಪಾಗಿ ಕಾಣುತ್ತದೆ. ಐಪಿಎಸ್ ಎಂಬ ಇನ್ನೊಂದು ಜಾತಿಯ ಸಾಮಾನ್ಯ ಫಲಕಗಳಲ್ಲಿ ಬೆಳಕು ಕತ್ತಲೆಗಳ ಅನುಪಾತ ಒಂದು ಸಾವಿರದ ಆಸುಪಾಸಿನಲ್ಲಿದ್ದರೆ, ವಿಎ ಫಲಕಗಳಲ್ಲಿ ಅದು ಎರಡೂವರೆ, ಮೂರು ಸಾವಿರಕ್ಕೆ ಏರುತ್ತದೆ. ಇದು ಅದರ ಗುಣ. ಓರೆಯಾಗಿ ನೋಡಿದಾಗ ಬಣ್ಣ ಮಾಸುವುದು ಅದರ ದೋಷ. ಅರುವತ್ತೈದು ಸೆಂಟಿಮೀಟರ್ ದೂರದಲ್ಲಿ ಕುಳಿತವನ ದೃಷ್ಟಿ ಚಪ್ಪಟೆ ತೆರೆಯ ಅಂಚನ್ನು ಸುಮಾರು 31 ಡಿಗ್ರಿ ಓರೆಯಲ್ಲಿ ಮುಟ್ಟುತ್ತದೆ. 1800ಆರ್ ತೆರೆಯನ್ನು 20 ಡಿಗ್ರಿಯಲ್ಲಿ. 1000ಆರ್ ತೆರೆಯನ್ನು 11 ಡಿಗ್ರಿಯಲ್ಲಿ. ಬಾಗು ಬರಿಯ ಅಲಂಕಾರವಲ್ಲ, ವಿಎ ಫಲಕದ ಹುಟ್ಟುದೋಷಕ್ಕೆ ಒಂದು ಮದ್ದು ಎಂಬುದು ಇದರಿಂದ ವಿದಿತವಾಗುತ್ತದೆ. ಹೀಗೆ ಒಬ್ಬನೇ, ನಟ್ಟನಡುವೆ, ಹತ್ತಿರ ಕುಳಿತು ಆಡುವವನಿಗೆ ಹೆಚ್ಚು ಬಾಗಿದ ತೆರೆಯದೇ ಮೇಲುಗೈ. ಮಗನ ಮುಖ ಅರಳಿತು.

ಆದರೆ ಅಷ್ಟರಲ್ಲಿ ಮಗಳು ಎರಡನೆಯ ಕಮಾನಿನ ಮುಂದೆ ಬಂದು ಕುಳಿತಳು. ನಕ್ಷೆಯ ಕೆಲಸದಲ್ಲಿ ನೇರ ಗೆರೆ ನೇರವಾಗಿಯೇ ಕಾಣಬೇಕು. ಹೆಚ್ಚು ಬಾಗಿದ ತೆರೆಯಲ್ಲಿ ಮೇಲಂಚಿನ ಬಳಿಯ ಉದ್ದನೆಯ ಅಡ್ಡಗೆರೆ ಬಿಲ್ಲಿನಂತೆ ಬಾಗಿ ತೋರುವುದುಂಟು. ದಿನವೂ ನೋಡಿದರೆ ಅಭ್ಯಾಸವಾಗುತ್ತದೆ ಎನ್ನುವವರಿದ್ದಾರೆ. ಅಭ್ಯಾಸವಾಗದೆ ಬೇಸತ್ತವರೂ ಇದ್ದಾರೆ. ಇನ್ನು ತಂದೆ ಮಗಳ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕುಳಿತು ಅವಳ ನಕ್ಷೆ ನೋಡಬೇಕೆಂದರೆ, ಅವರ ಕಡೆಯ ಅಂಚು ಅವರಿಂದ ಮುಖ ತಿರುಗಿಸಿದಂತೆ ಇರುತ್ತದೆ. ಒಬ್ಬನನ್ನು ಅಪ್ಪಿಕೊಳ್ಳುವ ಬಾಗು ಪಕ್ಕದವನನ್ನು ಹೊರಗಿಡುತ್ತದೆ.

ಅಂಕೆಗಳ ಮಾಯೆ

ಜಾಹೀರಾತಿನಲ್ಲಿ ಎದ್ದು ಕಾಣುವ ಇನ್ನೊಂದು ಅಂಕೆ ಹರ್ಟ್ಸ್. ತೆರೆ ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ಹೊಸ ಚಿತ್ರವನ್ನು ತೋರಬಲ್ಲದೆಂಬುದನ್ನು ಇದು ಹೇಳುತ್ತದೆ. ಸ್ಯಾಮ್‌ಸಂಗ್‌ನದು 165, ಡೆಲ್‌ನದು 144. ಇಪ್ಪತ್ತೊಂದು ಹೆಚ್ಚು ಎಂದೊಡನೆ ಮನಸ್ಸು ಅತ್ತ ವಾಲುವುದು ಸಹಜ. ಆದರೆ ಕಾಲದ ಲೆಕ್ಕದಲ್ಲಿ ನೋಡಿದರೆ ಚಿತ್ರವೇ ಬೇರೆ. ಹಳೆಯ 60 ಹರ್ಟ್ಸ್ ತೆರೆಯಲ್ಲಿ ಒಂದು ಚಿತ್ರದ ಆಯುಸ್ಸು 16.7 ಮಿಲಿಸೆಕೆಂಡು. 144ರಲ್ಲಿ ಅದು 6.9. 165ರಲ್ಲಿ 6.1. ಹಳೆಯದರಿಂದ 144ಕ್ಕೆ ಹೋದರೆ ಸುಮಾರು ಹತ್ತು ಮಿಲಿಸೆಕೆಂಡು ಉಳಿಯುತ್ತದೆ. ಅದು ಕಣ್ಣಿಗೂ ಕೈಗೂ ಕೂಡಲೆ ತಿಳಿಯುವ ಲಾಭ. 144ರಿಂದ 165ಕ್ಕೆ ಹೋದರೆ ಉಳಿಯುವುದು ಒಂದು ಮಿಲಿಸೆಕೆಂಡಿಗೂ ಕಡಮೆ. ಮೊದಲನೆಯ ಹೆಜ್ಜೆ ಎತ್ತಿನಗಾಡಿಯಿಂದ ಮೋಟಾರಿಗೆ ಹತ್ತಿದಂತೆ. ಎರಡನೆಯದು ಮೋಟಾರಿನಲ್ಲಿ ಸೀಟು ಬದಲಿಸಿದಂತೆ.

ಅಲ್ಲದೆ ಅಷ್ಟು ಚಿತ್ರಗಳನ್ನು ತಯಾರಿಸಿ ಕೊಡುವವರು ಯಾರು? ಅದು ಗಣಕಯಂತ್ರದೊಳಗಿನ ಗ್ರಾಫಿಕ್ಸ್ ಕಾರ್ಡಿನ ಕೆಲಸ. ಹಿಂದಿನ 1920×1080ರ ತೆರೆಯಲ್ಲಿ ಚಿತ್ರಬಿಂದುಗಳು ಸುಮಾರು 20.7 ಲಕ್ಷ, 3440×1440ರಲ್ಲಿ 49.5 ಲಕ್ಷ. ಅಂದರೆ ಕೆಲಸ ಎರಡಕ್ಕೆ ಬದಲು ಸುಮಾರು ನಾಲ್ಕೂ ಮುಕ್ಕಾಲು ಪಾಲು. ಹಳೆಯ ತೆರೆಯ ಮೇಲೆ ಸೆಕೆಂಡಿಗೆ ನೂರು ಚಿತ್ರ ಕೊಡುತ್ತಿದ್ದ ಕಾರ್ಡು ಈ ಹೊಸ ತೆರೆಯ ಮೇಲೆ ಅದರ ಅರ್ಧವನ್ನಷ್ಟೇ ಕೊಟ್ಟರೆ ಆಶ್ಚರ್ಯಪಡಬೇಕಾಗಿಲ್ಲ. ಆಗ 144 ಆದರೇನು, 165 ಆದರೇನು? ಮದುವೆಮನೆಯಲ್ಲಿ ಎಲೆ ಎಷ್ಟು ದೊಡ್ಡದಿದ್ದರೂ ಬಡಿಸುವವನ ಕೈಯಲ್ಲಿರುವಷ್ಟೇ ಊಟ. ಮಾನಿಟರಿಗೆ ಹಣ ಕೂಡಿಡುವವನು ಕಾರ್ಡಿನ ಶಕ್ತಿಯನ್ನು ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಕಾರ್ಡಿನ ವೇಗವೂ ತೆರೆಯ ವೇಗವೂ ಹೊಂದದಿದ್ದಾಗ ಚಿತ್ರ ನಡುವೆ ಹರಿದಂತೆ ಕಾಣುತ್ತದೆ. ಇದನ್ನು ತಪ್ಪಿಸಲು ತೆರೆಯೇ ಕಾರ್ಡಿನ ಹೆಜ್ಜೆಗೆ ಹೆಜ್ಜೆ ಹಾಕುವ ಏರ್ಪಾಡು ಬಂದಿದೆ. ಎನ್‌ವಿಡಿಯಾ ಸಂಸ್ಥೆಯ ಜಿ-ಸಿಂಕ್ 2013ರಲ್ಲಿ ಪ್ರಕಟವಾಯಿತು. ಎಎಂಡಿಯ ಫ್ರೀಸಿಂಕ್ ಅದರ ಹಿಂದೆಯೇ ಬಂದಿತು. 2019ರ ಜನವರಿಯಿಂದ ಎನ್‌ವಿಡಿಯಾ ಕಾರ್ಡುಗಳೂ ಇತರ ಮಾನಿಟರುಗಳೊಡನೆ ಹೊಂದಿ ನಡೆಯತೊಡಗಿದ ಮೇಲೆ ಕೊಳ್ಳುವವರ ಒಂದು ಚಿಂತೆ ಹೋಯಿತು. ಈ ಎರಡೂ ಮಾನಿಟರುಗಳಲ್ಲಿ ಫ್ರೀಸಿಂಕ್ ಇದೆ. ಇಲ್ಲಿ ತಕ್ಕಡಿ ಸಮ.

‘ಒಂದು ಮಿಲಿಸೆಕೆಂಡು’ ಎಂಬ ಘೋಷಣೆಯನ್ನೂ ಎಚ್ಚರದಿಂದ ಓದಬೇಕು. ಚಿತ್ರಬಿಂದು ಒಂದು ಛಾಯೆಯಿಂದ ಇನ್ನೊಂದಕ್ಕೆ ತಿರುಗುವ ಕಾಲ ಒಂದು ಅಳತೆ. ಚಲಿಸುವ ಚಿತ್ರ ಕಣ್ಣಿಗೆ ಎಷ್ಟು ಹೊತ್ತು ಕಾಣುತ್ತದೆಂಬುದು ಇನ್ನೊಂದು ಅಳತೆ. ಒಂದನ್ನು ಹೇಳಿ ಮತ್ತೊಂದರ ಕೀರ್ತಿ ಪಡೆಯುವುದುಂಟು. ವಿಎ ಫಲಕಗಳ ದುರ್ಬಲ ಜಾಗ ಕತ್ತಲೆ. ಕಪ್ಪಿನಿಂದ ಕಡುಬೂದಿಗೆ ತಿರುಗುವಾಗ ಅವು ನಿಧಾನ. ರಾತ್ರಿಯ ದೃಶ್ಯದಲ್ಲಿ ಓಡುವ ಆಕೃತಿಯ ಹಿಂದೆ ಹೊಗೆಯ ಬಾಲ ಕಂಡೀತು. ಈ ಜಾತಿದೋಷವನ್ನು ಪೆಟ್ಟಿಗೆಯ ಮೇಲಿನ ಯಾವ ಅಂಕೆಯೂ ಹೇಳುವುದಿಲ್ಲ. ಆದಕಾರಣ ಅಂಗಡಿಯಲ್ಲಿ ಬಣ್ಣಬಣ್ಣದ ಜಾಹೀರಾತು ಚಿತ್ರವನ್ನು ನೋಡಿ ಮರುಳಾಗದೆ, ಕತ್ತಲೆಯ ಒಂದು ದೃಶ್ಯವನ್ನು ಓಡಿಸಿ ತೋರಿಸುವಂತೆ ಕೇಳುವುದು ಜಾಣತನ.

ಬೆಳಕಿನ ಮಾತು ಇನ್ನೂ ಸೂಕ್ಷ್ಮ. ಎರಡು ಪೆಟ್ಟಿಗೆಗಳ ಮೇಲೂ ಎಚ್‌ಡಿಆರ್ ಎಂಬ ಅಕ್ಷರಗಳಿವೆ. ಸ್ಯಾಮ್‌ಸಂಗ್‌ನಲ್ಲಿರುವುದು ಎಚ್‌ಡಿಆರ್10, ಅದು ಒಂದು ಸಂಕೇತದ ಹೆಸರು. ಆ ಸಂಕೇತವನ್ನು ತೆರೆ ಓದಬಲ್ಲದೆಂದು ಅದರ ಅರ್ಥವೇ ಹೊರತು, ಅದಕ್ಕೆ ತಕ್ಕ ಬೆಳಕನ್ನು ಬೀರಬಲ್ಲದೆಂದಲ್ಲ. ಆ ಮಾನಿಟರಿನ ಸಾಮಾನ್ಯ ಕಾಂತಿ 250 ನಿಟ್. ಡೆಲ್‌ನಲ್ಲಿರುವುದು ಡಿಸ್‌ಪ್ಲೇ ಎಚ್‌ಡಿಆರ್ 400. ಇದು ವೇಸಾ ಎಂಬ ಮಾನಕ ಸಂಸ್ಥೆ 2017ರಲ್ಲಿ ಆರಂಭಿಸಿದ ಪ್ರಮಾಣಪತ್ರಗಳ ಮೊದಲ ಮೆಟ್ಟಿಲು. ಅದಕ್ಕೆ 400 ನಿಟ್ ಕಾಂತಿ ಬೇಕು. ಸಿನಿಮಾದ ವೈಭವಕ್ಕೆ ಈ ಮೆಟ್ಟಿಲೂ ಸಾಲದು. ಆದರೆ ಬೆಳಗಿನ ಬಿಸಿಲು ಕಿಟಕಿಯಿಂದ ಮೇಜಿನ ಮೇಲೆ ಬೀಳುವ ಮನೆಯಲ್ಲಿ, ಲೆಕ್ಕ ನೋಡುವ ಹಿರಿಯರ ಕಣ್ಣಿಗೆ, 250ಕ್ಕೂ 400ಕ್ಕೂ ಇರುವ ಅಂತರ ನಿಜವಾದ ಅಂತರವೇ.

ಆಟ ಯಾವುದು?

ಅಗಲವಾದ ತೆರೆ ಎಲ್ಲ ಆಟಕ್ಕೂ ಒಂದೇ ರೀತಿ ಒದಗುವುದಿಲ್ಲ. 2020ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, 2021ರ ಫೋರ್ಜಾ ಹೊರೈಜನ್ 5 ಮೊದಲಾದವುಗಳಲ್ಲಿ ಅದರ ಸೊಗಸೇ ಸೊಗಸು. ವಿಮಾನದ ಎರಡು ಪಕ್ಕದ ಕಿಟಕಿಗಳೂ, ರಸ್ತೆಯ ಎರಡು ಬದಿಯ ಮರಗಳೂ ಕಣ್ಣಂಚಿಗೆ ಸಿಗುತ್ತವೆ. ಆದರೆ 2022ರ ಎಲ್ಡನ್ ರಿಂಗ್ ಎಂಬ ಜನಪ್ರಿಯ ಆಟ ಹಳೆಯ 16:9 ಪ್ರಮಾಣಕ್ಕೇ ಕಟ್ಟಲ್ಪಟ್ಟು ಬಂದಿತು. ಅಗಲವಾದ ತೆರೆಯ ಎರಡು ಕಡೆಯೂ ಕಪ್ಪು ಪಟ್ಟಿ ಬಿಡುತ್ತಿತ್ತು, ಮೇಲಾಗಿ ಸೆಕೆಂಡಿಗೆ 60 ಚಿತ್ರಗಳನ್ನು ಮೀರುತ್ತಿರಲಿಲ್ಲ. ಅಗಲಕ್ಕೆ ಕೊಟ್ಟ ಹಣವೂ ವೇಗಕ್ಕೆ ಕೊಟ್ಟ ಹಣವೂ ಅಲ್ಲಿ ಸುಮ್ಮನೆ ಕುಳಿತಿರುತ್ತವೆ.

ಪ್ಲೇಸ್ಟೇಷನ್ 5 ಎಂಬ ಆಟದ ಪೆಟ್ಟಿಗೆಯನ್ನು ಜೋಡಿಸುವ ಆಸೆಯುಳ್ಳವರೂ ಇದನ್ನು ತಿಳಿದಿರಬೇಕು. 1440ರ ಚಿತ್ರವನ್ನು ಅದು 2022ರ ಸೆಪ್ಟೆಂಬರಿನಿಂದ ಕೊಡಬಲ್ಲುದಾದರೂ, ಅಗಲವಾದ ಪ್ರಮಾಣದಲ್ಲಿ ಕೊಡಲಾರದು. 3440 ಬಿಂದುಗಳ ಅಗಲದಲ್ಲಿ 2560 ಮಾತ್ರ ತುಂಬುತ್ತದೆ. ತೆರೆಯ ಕಾಲು ಭಾಗ ಕಪ್ಪಾಗಿಯೇ ಉಳಿಯುತ್ತದೆ. ಪೆಟ್ಟಿಗೆಯ ಆಟವೇ ಮುಖ್ಯವಾದವರು ಈ ಎರಡನ್ನೂ ಬಿಟ್ಟು ಸಾಮಾನ್ಯ ಪ್ರಮಾಣದ ತೆರೆಯನ್ನು ಹುಡುಕುವುದು ಲೇಸು.

ಆ ಮನೆಯ ಮಗನಿಗೆ ಹೆಚ್ಚು ಪ್ರಿಯವಾದುವು ಕಾರಿನ ಆಟ ಮತ್ತು ವಿಮಾನದ ಆಟ. ಅಗಲವಾದ ತೆರೆ ಅವನಿಗೆ ಸಾರ್ಥಕವೇ ಸರಿ. ಎರಡು ಪುಟ ಪಕ್ಕಪಕ್ಕದಲ್ಲಿ ತೆರೆದಿಟ್ಟುಕೊಳ್ಳುವ ತಂದೆಗೂ, ನಕ್ಷೆಯ ಪಕ್ಕದಲ್ಲಿ ಉಪಕರಣಗಳ ಪಟ್ಟಿ ಇಟ್ಟುಕೊಳ್ಳುವ ಮಗಳಿಗೂ ಅಷ್ಟೇ.

ಕಾಲಿನ ಮೇಲೆ ಕಣ್ಣು

ಮಾನಿಟರ್ ಕೊಳ್ಳುವವರು ತೆರೆಯನ್ನು ನೋಡುತ್ತಾರೆ. ಅದು ನಿಲ್ಲುವ ಕಾಲನ್ನು ನೋಡುವುದಿಲ್ಲ. ಒಂದೇ ಮೇಜಿನ ಮುಂದೆ ಮೂರು ಎತ್ತರದ ಮೂವರು ಕೂರುವ ಮನೆಯಲ್ಲಿ ಇದು ದೊಡ್ಡ ತಪ್ಪು. ತೆರೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ಇಲ್ಲವೆ ಅದಕ್ಕಿಂತ ಸ್ವಲ್ಪ ಕೆಳಗೆ ಇದ್ದರೆ ಕತ್ತಿಗೆ ಕ್ಷೇಮ. ಸಿ34ಜಿ55ಟಿಯ ಕಾಲು ತೆರೆಯನ್ನು ಹಿಂದಕ್ಕೂ ಮುಂದಕ್ಕೂ ವಾಲಿಸುತ್ತದೆ. ಮೇಲಕ್ಕೂ ಕೆಳಕ್ಕೂ ಸರಿಸುವುದಿಲ್ಲ. ಡೆಲ್‌ನದು ಏರಿಳಿಯುತ್ತದೆ. ಮೊದಲನೆಯದನ್ನು ಕೊಂಡವರು ಎತ್ತರಕ್ಕಾಗಿ ಕೆಳಗೆ ದಪ್ಪ ಪುಸ್ತಕಗಳನ್ನು ಇಡಬಹುದು, ಅಥವಾ ಮೇಜಿಗೆ ಬಿಗಿಯುವ ಲೋಹದ ತೋಳನ್ನು ಬೇರೆಯಾಗಿ ಕೊಳ್ಳಬಹುದು. ಆದರೆ ತೋಳಿಗೆ ಬೇರೆ ಹಣ ಬೇಕು. ಮಾನಿಟರಿನ ಹಿಂಬದಿಯ ತಿರುಪಿನ ರಂಧ್ರಗಳ ಅಳತೆಯನ್ನೂ ತೂಕವನ್ನೂ ಅದಕ್ಕೆ ಹೊಂದಿಸಬೇಕು. ಸಮವೆಂದು ಕಂಡ ಎರಡು ಬೆಲೆಗಳು ಇಲ್ಲಿ ಅಸಮವಾಗುತ್ತವೆ.

ಕಾಲು ಮೇಜಿನ ಅಗಲವನ್ನೂ ತಿನ್ನುತ್ತದೆ. ಎರಡಡಿ ಮೇಜಿನ ಮೇಲೆ ಕಾಲಿನ ಹಿಂಭಾಗ ಗೋಡೆಗೆ ತಾಗಿದರೂ ತೆರೆ ಒಂದಷ್ಟು ಮುಂದೆಯೇ ನಿಲ್ಲುತ್ತದೆ. ಉಳಿದ ಜಾಗದಲ್ಲಿ ಕೀಲಿಮಣೆ, ಇಲಿ, ಮಗಳ ಅಳತೆಪಟ್ಟಿ, ತಂದೆಯ ಕಾಫಿ ಲೋಟ. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬ ಗಾದೆ ಮಾನಿಟರಿಗೆ ಅಕ್ಷರಶಃ ಸಲ್ಲುತ್ತದೆ. ಕೊಳ್ಳುವ ಮೊದಲು ರಟ್ಟಿನ ಒಂದು ತುಂಡನ್ನು ತೆರೆಯ ಅಳತೆಗೆ ಕತ್ತರಿಸಿ ಮೇಜಿನ ಮೇಲೆ ಒಂದು ದಿನ ನಿಲ್ಲಿಸಿ ನೋಡಿದರೆ, ಅಂಗಡಿಯವನ ನೂರು ಮಾತಿಗಿಂತ ಹೆಚ್ಚು ತಿಳಿಯುತ್ತದೆ.

ಕಿಟಕಿಯ ವಿಚಾರವನ್ನೂ ಮರೆಯುವಂತಿಲ್ಲ. ಬಾಗಿದ ತೆರೆ ತನ್ನ ಎದುರಿಗಿರುವ ಕಿಟಕಿಯ ಬಿಂಬವನ್ನೂ ಟ್ಯೂಬ್‌ಲೈಟಿನ ಬಿಂಬವನ್ನೂ ಅಡ್ಡಕ್ಕೆ ಎಳೆದು ಹಾಸಿಬಿಡುವುದುಂಟು. ಸಿನೆರಾಮಾದವರಿಗೂ ಬಾಗಿನ ಬೆಳಕು ಕಾಟ ಕೊಟ್ಟಿತ್ತು. ಒಂದು ಬದಿಯ ಬೆಳಕು ಇನ್ನೊಂದು ಬದಿಗೆ ಬಿದ್ದು ಚಿತ್ರ ಮಂಕಾಗದಿರಲೆಂದು ಅವರು ತೆರೆಯನ್ನೇ ಸಾವಿರಕ್ಕೂ ಮಿಕ್ಕ ನಿಲುವುಪಟ್ಟಿಗಳಾಗಿ ಸೀಳಿದ್ದರು. ಮನೆಯವರಿಗೆ ಅಷ್ಟು ಸಾಹಸ ಬೇಡ. ಕಿಟಕಿ ತೆರೆಯ ಎದುರಿಗೂ ಹಿಂದೆಯೂ ಬಾರದೆ ಪಕ್ಕಕ್ಕೆ ಬರುವಂತೆ ಮೇಜನ್ನು ತಿರುಗಿಸಿದರೆ ಸಾಕು.

ಅಂಗಡಿಯ ಬಾಗಿಲಲ್ಲಿ

ಹಳೆಯ ದರಪಟ್ಟಿಗಳನ್ನು ಹಿಡಿದು ಹೋಗುವವರಿಗೆ ಒಂದು ಮಾತು. ನಮ್ಮ ದೇಶದಲ್ಲಿ 32 ಅಂಗುಲದವರೆಗಿನ ಮಾನಿಟರುಗಳಿಗೆ ಶೇಕಡಾ 18, ಅದನ್ನು ಮೀರಿದವುಗಳಿಗೆ ಶೇಕಡಾ 28 ಎಂದು ಜಿಎಸ್‌ಟಿ ತೆರಿಗೆಯಿತ್ತು. ಎರಡಂಗುಲದ ಹೆಚ್ಚಳಕ್ಕೆ ಹತ್ತು ಶೇಕಡಾ ದಂಡ! 2025ರ ಸೆಪ್ಟೆಂಬರ್ 22ರಿಂದ ದೊಡ್ಡವುಗಳಿಗೂ ಶೇಕಡಾ 18 ಆಯಿತು. ಅದಕ್ಕೆ ಹಿಂದಿನ ಬೆಲೆಗಳನ್ನು ಹೋಲಿಸಿ ‘34 ದುಬಾರಿ, 32 ಅಗ್ಗ’ ಎಂದು ತೀರ್ಮಾನಿಸಿದವರು ಲೆಕ್ಕವನ್ನು ಇನ್ನೊಮ್ಮೆ ಮಾಡಬೇಕು.

ಎಸ್.ಪಿ. ರಸ್ತೆಯೆಂದು ಹೆಸರಾದ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಾಗಲಿ ಬೇರೆಲ್ಲಿಯೇ ಆಗಲಿ, ಹಣ ಎಣಿಸುವ ಮೊದಲು ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಖಾತರಿ ಎಷ್ಟು ವರ್ಷ, ಅದನ್ನು ನಡೆಸಿಕೊಡುವವರು ಯಾರು? ಒಂದು ಬಿಂದು ಸತ್ತಿದ್ದರೆ, ಅಥವಾ ಆರದೆ ಹೊಳೆಯುತ್ತಿದ್ದರೆ ಬದಲಾಯಿಸಿ ಕೊಡುವರೋ, ಎಷ್ಟು ಬಿಂದುಗಳ ಮೇಲೆ? ಮರಳಿಸಲು ಎಷ್ಟು ದಿನ ಅವಕಾಶ? ಪೆಟ್ಟಿಗೆಯಲ್ಲಿ ಯಾವ ತಂತಿ ಇದೆ? ಕಡೆಯ ಪ್ರಶ್ನೆ ಕ್ಷುಲ್ಲಕವೆಂದು ಬಗೆಯಬಾರದು. ಡೆಲ್ ಮಾನಿಟರಿನಲ್ಲಿ 144 ಹರ್ಟ್ಸ್ ದೊರೆಯುವುದು ಡಿಸ್‌ಪ್ಲೇಪೋರ್ಟ್ ತಂತಿಯಿಂದ. ಎಚ್‌ಡಿಎಂಐ ತಂತಿ ಹಾಕಿದರೆ 100ಕ್ಕೆ ನಿಲ್ಲುತ್ತದೆ. ಸರಿಯಾದ ತಂತಿ ಹಾಕಿಯೂ ಗಣಕಯಂತ್ರದ ಏರ್ಪಾಡಿನಲ್ಲಿ ವೇಗವನ್ನು ಬದಲಿಸದೆ, 60ರಲ್ಲಿಯೇ ತಿಂಗಳುಗಟ್ಟಲೆ ಆಡಿ, ‘ಹೊಸದರಲ್ಲಿ ಏನೂ ವಿಶೇಷವಿಲ್ಲ’ ಎನ್ನುವುದು ಯಾರಿಗೂ ಆಗಬಹುದಾದ ಮರೆವು. ಎರಡು ಮಾನಿಟರುಗಳಲ್ಲಿಯೂ ಧ್ವನಿವರ್ಧಕವಿಲ್ಲ ಎಂಬುದನ್ನೂ ನೆನಪಿಟ್ಟರೆ ಮನೆಗೆ ಬಂದ ಮೇಲೆ ಪೇಚಾಡುವುದು ತಪ್ಪುತ್ತದೆ.

ತೀರ್ಮಾನ

ನೆಲದ ಮೇಲೆ ಎರಡು ಕಮಾನುಗಳ ನಡುವೆ ಕುಳಿತು ಆ ಮನೆಯವರು ಎರಡು ಕಡೆಯನ್ನೂ ತೂಗಿದರು. ಮಗನಿಗೆ ಅವನದೇ ಕೋಣೆ, ಅವನದೇ ಮೇಜು ಇದ್ದು, ಸಂಜೆಯ ಮಬ್ಬಿನಲ್ಲಿ ಅವನೊಬ್ಬನೇ ಆಡುವುದಾಗಿದ್ದರೆ ಹೆಚ್ಚು ಬಾಗಿದ 1000ಆರ್ ತೆರೆಯೇ ತಕ್ಕುದು. ಹತ್ತಿರ ಕುಳಿತ ಒಬ್ಬನಿಗೆ ಅದು ಕೊಡುವ ತಲ್ಲೀನತೆ ಇನ್ನೊಂದರಲ್ಲಿಲ್ಲ. ಆದರೆ ಈ ಮೇಜು ನಡುಮನೆಯಲ್ಲಿದೆ. ಬೆಳಗಿನ ಬಿಸಿಲು ಅದರ ಮೇಲೆ ಬೀಳುತ್ತದೆ. ಮೂರು ಎತ್ತರದ ಮೂವರು ಅಲ್ಲಿ ಕೂರುತ್ತಾರೆ. ಕೆಲವೊಮ್ಮೆ ಇಬ್ಬರು ಒಟ್ಟಿಗೆ ಕೂರುತ್ತಾರೆ. ನೇರ ಗೆರೆ ಬರೆಯುವವಳು ಅಲ್ಲಿದ್ದಾಳೆ. ಕಡಮೆ ಬಾಗು, ಹೆಚ್ಚು ಬೆಳಕು, ಏರಿಳಿಯುವ ಕಾಲು — ಈ ಮೂರೂ ಒಂದು ಕಡೆ ಸೇರಿದುವು. ಇನ್ನೊಂದು ಕಡೆ ಉಳಿದುದು ಬಾಗಿನ ಮೋಹ ಮತ್ತು ಒಂದು ಮಿಲಿಸೆಕೆಂಡಿಗೂ ಕಡಮೆಯಾದ ವೇಗ.

ಮಗ ಸ್ವಲ್ಪ ಹೊತ್ತು ಮೊದಲನೆಯ ಕಮಾನನ್ನೇ ನೋಡುತ್ತಿದ್ದ. ಅರ್ಧ ಹಣ ಅವನದೇ ಶ್ರಮದ್ದು. ಅವನ ಮಾತೇ ನಡೆಯಬೇಕೆಂದು ಅಕ್ಕನೂ ಒಪ್ಪಿದ್ದಳು. ಕಡೆಗೆ ಅವನು ಎದ್ದು, ಎರಡನೆಯ ಕಮಾನಿನ ಮುಂದೆ ಅಕ್ಕನ ಪಕ್ಕದಲ್ಲಿ ಕುಳಿತು, “ಇಲ್ಲಿಂದಲೂ ಕಾಣುತ್ತದೆ” ಎಂದ. ಅಷ್ಟಕ್ಕೆ ಚರ್ಚೆ ಮುಗಿಯಿತು.

ಬೇರೆ ಮನೆಯಲ್ಲಿ ಉತ್ತರ ಬೇರೆಯಾಗಬಹುದು, ಆಗಲೂಬೇಕು. ಮಾನಿಟರುಗಳ ಹೆಸರು ವರ್ಷಕ್ಕೊಮ್ಮೆ ಬದಲಾಗುತ್ತದೆ, ಅಂಕೆಗಳು ಬೆಳೆಯುತ್ತಲೇ ಹೋಗುತ್ತವೆ. ಆದರೆ ಯಾರು ಕೂರುತ್ತಾರೆ, ಎಷ್ಟು ದೂರದಲ್ಲಿ, ಯಾವ ಬೆಳಕಿನಲ್ಲಿ, ಏನು ಮಾಡಲು ಎಂಬ ನಾಲ್ಕು ಪ್ರಶ್ನೆಗಳು ಬದಲಾಗುವುದಿಲ್ಲ. ಅವಕ್ಕೆ ಉತ್ತರ ಮನೆಯಲ್ಲಿದೆ, ಅಂಗಡಿಯಲ್ಲಿಲ್ಲ.

ಮರುದಿನ ಬೆಳಗ್ಗೆ ನೆಲ ಸಾರಿಸುವಾಗ ಸೀಮೆಸುಣ್ಣದ ಎರಡು ಕಮಾನುಗಳೂ ಅಳಿಸಿಹೋದುವು. ಅವುಗಳಿಗೆ ತಗಲಿದ ವೆಚ್ಚ ಎರಡು ಗಜ ದಾರ ಮತ್ತು ಅರ್ಧ ತುಂಡು ಸುಣ್ಣ. ಉಳಿದುದು ಐದಾರು ವರ್ಷಗಳ ನೆಮ್ಮದಿ.